ನೆರೆ

ಪಾಠ ಹದಿನಾಲ್ಕು: ವಿವಿಧತೆಯಲ್ಲಿ ಏಕತೆ.
ಪುಟದ ತುಂಬ ಕೈಕೈ ಹಿಡಿದು ನಗುವ ಮಕ್ಕಳು,
ಯಾರ ಅಂಗಿಯ ಗುಂಡಿಯೂ ಕಿತ್ತಿಲ್ಲ,
ಯಾರ ಮೂಗೂ ಸೋರುತ್ತಿಲ್ಲ.
ಐದು ಸಾಲಿನ ಉತ್ತರ ಹಲಗೆಗೆ ಬರೆದೆ.
ನಲವತ್ತೊಂದು ತಲೆ ಒಮ್ಮೆಗೇ ಬಾಗಿದವು,
ಸಿಂಧನೂರಿನ ಗಾಳಿಗೆ ತೆನೆಗಟ್ಟಿದ ಭತ್ತದ ಹಾಗೆ.

ಕೊನೆಯ ಬೆಂಚಿನ ಅಮರೇಗೌಡ
ಎಡಗೈಯಲ್ಲಿ ಮೂಗು ಹಿಡಿದು ಬಲಗೈಯಲ್ಲಿ ಬರೆಯುತ್ತಿದ್ದ.
"ಏನೋ ಅದು?"
"ಮೀನ್ ವಾಸ್ನಿ ರೀ ಮಿಸ್. ಕ್ಯಾಂಪಿನೋರು."
ನೋಟುಬುಕ್ಕಿಗೆ ಬಾಗಿ ನೋಡಿದೆ.
ಒತ್ತಕ್ಷರ ಬಿಟ್ಟು, ಸಹಬಾಳ್ವೆಯನ್ನು
ಸಹಬಾಳೆ ಮಾಡಿದ್ದ.

ಬೈಯಬೇಕಿತ್ತು. ನಾನು ಮಸ್ಕಿ ಕಡೆಯವಳು,
ಬೈಗುಳಕ್ಕೆ ನನಗೆ ಬರವಿಲ್ಲ.
ಯಾಕೋ ಹಲಗೆ ಒರೆಸಿದೆ. ಸೆರಗಿನ ತುಂಬ ಸುಣ್ಣದ ಪುಡಿ.
"ನಿಮ್ಮನ್ಯಾಗ ಕೋಳಿ ಹೆಂಗ ಕರೀತಾರ?" ಅಂದೆ.

ಮೊದಲು ನಗು. ನಂತರ ನಾಚಿಕೆ.
ನಂತರ ಮೌಲಾಹುಸೇನ ಎದ್ದು,
ಅವನ ದಾದಿಯಂತೆ ನಡು ಬಗ್ಗಿಸಿ,
ಕಾಣದ ಕಾಳು ಚೆಲ್ಲುತ್ತ ಆ... ಆ... ಆ... ಅಂದ.
ಕಾರಟಗಿ ರಸ್ತೆಯ ಕ್ಯಾಂಪಿನ ನಾಗಸಾಯಿ
ತುಟಿ ಸಿಡಿಸಿ ಬ್ಬ ಬ್ಬ ಬ್ಬ.
ಶಿವಗಂಗಮ್ಮನ ಕೊಕೊಕ್ಕೋಗೆ
ಹೊರಗೆ ಅಡುಗೆಕೋಣೆಯ ಹತ್ತಿರ ನಿಜವಾಗಿ ಯಾವುದೋ ಕೋಳಿ ಕತ್ತೆತ್ತಿತು.
ತಾಂಡಾದ ಥಾವರಪ್ಪ ಮಾತ್ರ ಬಹಳ ಹೊತ್ತು ಯೋಚಿಸಿ,
"ನಮ್ ಯಾಡಿ ಕರಿಯಂಗಿಲ್ರಿ.
ಕಲ್ಲು ಒಗಿತಾಳ. ಬರತಾವ."

"ಬನ್ಯಾ ಮಂಡಲ್, ನೀ ಹೇಳವ್ವ."
ಮೂರನೇ ಕ್ಯಾಂಪಿನ ಹುಡುಗಿ, ಎಣ್ಣೆ ಹಾಕಿ ಬಿಗಿದ ಜಡೆ,
ಎದ್ದು, ನನ್ನನ್ನೇ ಕೇಳಿದಳು:
"ಕೋಳಿಗೋ ಬಾತಿಗೋ ಮಿಸ್?
ಕೋಳಿಗೆ ತಿ ತಿ ತಿ. ಬಾತಿಗೆ ಚೊಯ್ ಚೊಯ್ ಚೊಯ್.
ಇದರದ್ದು ಅದಕ್ಕ ಅಂದ್ರ ತಿರುಗಿ ಸುದ್ದಾ ನೋಡಂಗಿಲ್ಲ."
ಕೂರುತ್ತ ಕೂರುತ್ತ, ಬೆಂಚಿಗೆ ಹೇಳಿದಂತೆ:
"ನಂದೂ ಬನ್ಯಾ ಅಲ್ರಿ. ಬೊನ್ನಾ."

ಜೂನಿನಿಂದ ನವೆಂಬರಿನ ತನಕ
ದಿನಾ ಮುಂಜಾನೆ ನಾನು ಕೂಗಿದ ಬೇರೆ ಯಾರದೋ ಹೆಸರಿಗೆ
ಈ ಹುಡುಗಿ ಹಾಜರ್ ಅಂದಿದ್ದಾಳೆ.

"ಅಂದ್ರೇನವ್ವ ಬೊನ್ನಾ?"
ಪುಸ್ತಕದ ಕನ್ನಡದಲ್ಲಿ ಹುಡುಕಿ ತೆಗೆದಳು:
"ನೆರೆ ರೀ.
ನಾ ಹುಟ್ಟಿದ ರಾತ್ರಿ ಹಳ್ಳ ಉಕ್ಕಿ ಹೊಸ್ತಿಲಕ್ಕ ಬಂದಿತ್ತಂತ.
ನಮ್ಮ ಠಾಕುಮಾ ನಕ್ಕಿದ್ಳಂತ,
'ಅಲ್ಲಿಂದ ಇಲ್ಲೀತನ ಹುಡುಕ್ಕೊಂಡು ಬಂತಲ್ಲ ನೀರು' ಅಂತ."

ನೆರೆ.
ಕನ್ನಡದಲ್ಲಿ ಆ ಎರಡಕ್ಷರಕ್ಕೆ
ಮಗ್ಗುಲ ಮನೆ ಎಂದೂ ಅರ್ಥವಿದೆ.
ಒಂದೇ ಮಾತಿನಲ್ಲಿ ನಮ್ಮವರು ಎರಡನ್ನೂ ಯಾಕೆ ಇಟ್ಟರೋ,
ಗೋಡೆ ಕೆಡವುವುದನ್ನೂ, ಗೋಡೆಯ ಆಚೆ ಇರುವವರನ್ನೂ.
ಹೇಳೋಣವೆಂದು ಬಾಯಿ ತೆರೆದೆ,
ಬಿಸಿಯೂಟದ ಗಂಟೆ ಹೊಡೆಯಿತು. ಎಲ್ಲರೂ ಓಡಿದರು.

ಡಿಸೆಂಬರಿನ ಪರೀಕ್ಷೆ. ನಾಲ್ಕು ಅಂಕದ ಪ್ರಶ್ನೆ.
ಅಮರೇಗೌಡ ಐದೂ ಸಾಲು ಬರೆದಿದ್ದ, ಒತ್ತು ಸಮೇತ.
ನಾಲ್ಕಕ್ಕೆ ನಾಲ್ಕು ಕೊಡಲೇಬೇಕಾಯಿತು.
ಮೂಗಿನಿಂದ ಕೈ ತೆಗೆದಿದ್ದಾನೆ.
ಬೆಂಚಿನ ಮೇಲೆ ನಡುವೆ ಒಂದು ಚೀಲ ಇಟ್ಟಿದ್ದಾನೆ.
ಥಾವರಪ್ಪ ಬರೆದದ್ದು ಇಷ್ಟೇ:
'ಬಾತಿಗೆ ಚೊಯ್ ಅನ್ನಬೇಕು. ಕಲ್ಲು ಒಗೆಯಬಾರದು.'
ಮಾದರಿ ಉತ್ತರದಲ್ಲಿ ಅದಿಲ್ಲ.
ಕೆಂಪು ಪೆನ್ನು ಹಿಡಿದು ಚಹಾ ಆರುವ ತನಕ ಕೂತು
ಮೂರು ಕೊಟ್ಟೆ.
ಆ ಒಂದು ಅಂಕ ಯಾಕೆ ಹಿಡಿದಿಟ್ಟೆನೋ ಇವತ್ತಿಗೂ ತಿಳಿದಿಲ್ಲ.

ಸಂಜೆ ಕಾಲುವೆಯ ಏರಿ ಹಿಡಿದು ಬಸ್‌ಸ್ಟ್ಯಾಂಡಿಗೆ ಬರುವಾಗ
ಕೊಯ್ದ ಗದ್ದೆಯಲ್ಲಿ ಬಾತುಗಳು, ಯಾರವೋ.
ಹಿಂದೆ ಮುಂದೆ ನೋಡಿ, ಯಾರಿಲ್ಲವೆಂದು,
ಸಣ್ಣಗೆ ಕರೆದೆ:
ಚೊಯ್ ಚೊಯ್.
ಒಂದು ಕತ್ತು ತಿರುಗಿಸಿತು.
ಬರಲಿಲ್ಲ.
ನನ್ನ ಉಚ್ಚಾರ ತಪ್ಪಿರಬೇಕು.
ಬೊನ್ನಾಳನ್ನು ಕೇಳಬೇಕು, ಸೋಮವಾರ.