ವಿಶೇಷವೇನಿಲ್ಲ

ಆ ಹಾಳೆಯ ಜೆರಾಕ್ಸು ಈಗಲೂ ನನ್ನ ಜೇಬಿನಲ್ಲಿದೆ.
ಜನವರಿ. ರಾತ್ರಿ ಎರಡು ಹತ್ತು.
ನನ್ನದೇ ಕೈಬರಹ, ಕೊಂಚ ಎಡಕ್ಕೆ ವಾಲಿದ್ದು:
'ವಿಶೇಷವೇನಿಲ್ಲ.'

ಮಿಸೌರಿಯ ಈ ಸೆಖೆಯಲ್ಲಿ ಬೆವರುವ ನಿಮಗೆ
ಅಲಾಸ್ಕದ ಆ ಚಳಿ ಹೇಗೆ ಹೇಳಲಿ?
ಸೊನ್ನೆಗಿಂತ ನಲವತ್ತು ಕೆಳಗೆ.
ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಕಲ್ಲು.
ಬ್ಯಾರಕ್ಕಿನ ಮುಂದೆ ಸಾಲಾಗಿ ಕಾರುಗಳು,
ಎಂಜಿನ್ನು ಹೆಪ್ಪುಗಟ್ಟದಿರಲೆಂದು
ಮೂತಿಯಿಂದ ವೈರು ಇಳಿಬಿಟ್ಟು
ಕಂಬದ ಕರೆಂಟು ಚೀಪುತ್ತಿದ್ದವು
ಕೊಟ್ಟಿಗೆಯ ಕರುಗಳ ಹಾಗೆ.
ಯಂತ್ರ ಕೆಡದಂತೆ ನಮಗೆ ಅಷ್ಟು ಎಚ್ಚರ.

ಕಾವಲು ಮೇಜಿನಲ್ಲಿ ನಾನು,
ಇಪ್ಪತ್ತರ ಹುಡುಗ, ಮುಂದೆ ತಣಿದ ನೂಡಲ್ಸ್.
ಬಾಗಿಲು ತೆರೆಯಿತು. ಹಬೆಯ ಜೊತೆ ಇಬ್ಬರು.
ಕಾರ್ಪೊರಲ್, ಅವನ ಹೆಸರು ಬೇಡ,
ಹೆಸರು ಹೇಳಿದರೆ ನೀವು ಕೋರೆಹಲ್ಲು ಹುಡುಕುತ್ತೀರಿ;
ಬೂಟಿನ ಲೇಸು ಜಾರದಂತೆ ಕಟ್ಟುವುದನ್ನು
ನನಗೆ ಕಲಿಸಿದವನು ಅವನೇ.
ಅವನ ಹೆಗಲಿಗೆ ಜೋತುಬಿದ್ದಿದ್ದಳು
ಟ್ರಕ್ ರಿಪೇರಿಯ ಲೂರ್ಡೆಸ್ ಅರಂಬುಲ.
ಒಂದು ಕಾಲಿಗೆ ಬೂಟಿರಲಿಲ್ಲ.
ಆ ಚಳಿಯಲ್ಲಿ.
ನೋಡಿದೆ ನಾನು. ಕಾಲ್ಚೀಲ ಹಳದಿ.

'ಜಾಸ್ತಿಯಾಗಿದೆ ಇವಳಿಗೆ, ರೂಮಿಗೆ ಬಿಟ್ಟು ಬರ್ತೀನಿ.'
ಅವಳ ರೂಮು ಕೆಳಗೇ, ನನ್ನ ಮೇಜಿನಾಚೆ ಮೂರನೆಯದು.
ಅವನು ಮೆಟ್ಟಿಲು ಹತ್ತಿದ.

ಎದ್ದೆ, ಅರ್ಧ.
ಕುರ್ಚಿ ಕಿರುಗುಟ್ಟಿತು.
ಅವನ ಎದೆಯ ಮೇಲೆ ಎರಡು ಪಟ್ಟಿ, ನನ್ನದು ಖಾಲಿ.
'ನಿನಗ್ಯಾಕೋ ಊರ ಉಸಾಬರಿ' ಅಂದಿತು
ಒಳಗೊಂದು ದನಿ, ಥೇಟು ನನ್ನಪ್ಪನದು.
ಕೂತೆ. ಬರೆದೆ.
ಪೆನ್ನಿನ ಶಾಯಿಯಾದರೂ ಹೆಪ್ಪುಗಟ್ಟಬಾರದಿತ್ತೆ.

ಮುಂದಿನದು ಅವಳ ಮಾತು, ನಾನು ಹೇಳುವಂಥದ್ದಲ್ಲ.
ಬೆಳಗಿನ ಆರಕ್ಕೆ
ಶೌಚಾಲಯದ ಬಾಗಿಲಿಗೆ ಅಂಟಿಸಿದ್ದ ನಂಬರಿಗೆ
ಕರೆ ಮಾಡಿದಳು, ಅಷ್ಟು ಗೊತ್ತು.
ಬಂದವಳು ವರ್ನಾ ಹಾಲ್ಕಂಬ್,
ಇಂಥವರ ಪರ ನಿಲ್ಲುವುದೇ ಅವಳ ನೌಕರಿ,
ಮಂಡಿನೋವಿನ ದಪ್ಪ ಹೆಂಗಸು.
ಏನಾಯಿತೆಂದು ಕೇಳಲಿಲ್ಲವಂತೆ.
'ಕಾಲು ಬೆಚ್ಚಗಿದೆಯಾ?' ಅಂದಳಂತೆ.
ಆಸ್ಪತ್ರೆಯಲ್ಲಿ ಒಂಬತ್ತು ಗಂಟೆ
ಅವಳ ಕೋಟು ಮಡಿಲಲ್ಲಿಟ್ಟು ಕೂತಳು.
ಒಂದೇ ಫಾರಂ, ಎರಡು ಚೌಕ:
ಗುಟ್ಟಾಗಿಟ್ಟು ಔಷಧಿ, ಆಸರೆ ಪಡೆಯುವುದು ಒಂದು,
ತನಿಖೆ ಬೇಡುವುದು ಇನ್ನೊಂದು.
'ಇವತ್ತೇ ಆಗಬೇಕಿಲ್ಲ. ಪೆನ್ನು ನಿನ್ನ ಕೈಲಿ.'

ಮೊದಲನೆಯದನ್ನೇ ಆರಿಸಿದಳು ಲೂರ್ಡೆಸ್.
ಹದಿನೇಳು ದಿನ ಬಿಟ್ಟು ಮರಳಿ ಬಂದು, ಎರಡನೆಯದು.
ಆಮೇಲೆ ಊಟದ ಹಾಲಿನಲ್ಲಿ
ಅವಳ ಮೇಜಿನ ಸುತ್ತ ಜಾಗವೋ ಜಾಗ.
'ಹೊಟ್ಟೆಗೆ ಹಾಕ್ಕೊ ಮಾರಾಯ್ತಿ, ಅವನಿಗೆ ಬಡ್ತಿ ಬರೋದಿದೆ'
ಅಂದವರೂ ಇದ್ದರು, ಮೇಲಧಿಕಾರಿಗಳೇ.
ವರ್ನಾ ತಟ್ಟೆ ಎತ್ತಿಕೊಂಡು ಹೋಗಿ
ಎದುರಿಗೆ ಕೂರುತ್ತಿದ್ದಳು, ದಿನಾ,
ಬಟಾಣಿಯನ್ನು ಪಕ್ಕಕ್ಕೆ ತಳ್ಳುತ್ತ.

ವಿಚಾರಣೆಯ ದಿನ ಅವನ ವಕೀಲ
ನನ್ನ ಹಾಳೆಯನ್ನು ಬೆಳಕಿಗೆ ಹಿಡಿದ:
'ಕಾವಲಿನವನೇ ಬರೆದಿದ್ದಾನೆ, ವಿಶೇಷವೇನಿಲ್ಲ.'
ನಾನು ಎದ್ದು ಹಳದಿ ಕಾಲ್ಚೀಲದ ಸಂಗತಿ ಹೇಳಿದೆ.
ಹನ್ನೊಂದು ತಿಂಗಳು ತಡ. ಆದರೂ ಹೇಳಿದೆ.

ಹೊರಗೆ ಹಿಮ ಗುಡಿಸುತ್ತಿದ್ದರು.
ಲೂರ್ಡೆಸ್ ನನ್ನ ದಾಟಿ ಹೋದವಳು ನಿಂತಳು.
ಬೈಯಲಿಲ್ಲ.
'ನಿನ್ನ ಕುರ್ಚಿ ಕಿರುಗುಟ್ಟಿದ್ದು ಕೇಳಿಸ್ತು ನಂಗೆ.
ಬರ್ತೀಯಾ ಅಂದ್ಕೊಂಡೆ.'

ಈಗ ಎಲ್ಲೋ ಬೇರೆ ನೆಲೆಯಲ್ಲಿ ಅವಳು ಸಾರ್ಜೆಂಟ್.
ನನಗೆ ಪತ್ರ ಬರೆಯುವುದಿಲ್ಲ.
ಬರೆಯಬೇಕಾದ ಋಣವೇನೂ ಅವಳಿಗಿಲ್ಲ.

ಸರಿ, ಆ ಸ್ಲೈಡು ಆರಿಸಿ.
ಇವತ್ತಿನ ಪಾಠ, ಕುರ್ಚಿಯಿಂದ ಏಳುವುದು.
ಪೌರುಷವೇನೂ ಬೇಡ.
ಮೆಟ್ಟಿಲಿನ ದೀಪ ಹಾಕಿ.
'ಕಾರ್ಪೊರಲ್, ನಿಮಗೆ ಫೋನು' ಅಂತ ಸುಳ್ಳು ಹೇಳಿ.
'ಇವಳ ಇನ್ನೊಂದು ಬೂಟೆಲ್ಲಿ?' ಅಂತ ಕೇಳಿ,
ದನಿ ನಡುಗಿದರೆ ನಡುಗಲಿ.

ಮೂರನೇ ಸಾಲಿನವನೇ, ನಿನ್ನಿಂದ ಶುರು.
ಹೂಂ. ಅದು ಅರ್ಧ.
ಕೂತುಕೋ.
ಮತ್ತೆ ಏಳು.