ಪೊಟ್ಟಣದೊಳಗಿನವನು

ಸಿಗರೇಟು ಮುರಿಯಬಾರದೆಂದು
ಪೊಟ್ಟಣದೊಳಗೊಂದು ರಟ್ಟು;
ರಟ್ಟು ಬೋಳಾಗಿರಬಾರದೆಂದು
ಅದರ ಮೇಲೆ ನಾನು.

ಸ್ಕ್ರ್ಯಾಂಟನ್ನಿನ ತಂಬಾಕಿನಂಗಡಿ ಬಾಗಿಲಲ್ಲಿ
ಕಲ್ಲಿದ್ದಲಿನಿಂದ ಕಲ್ಲು ಹೆಕ್ಕುವ ಹುಡುಗರು,
ಉಗುರಿನ ತುಂಬ ಮಸಿ.
ಹೊರಬಂದವರಿಗೆಲ್ಲ ಒಂದೇ ಮಾತು:
"ಒಳಗಿನ ಚಿತ್ರ ಕೊಡ್ತೀರಾ?"

ಐದು ಸೆಂಟು. ಒಡೆದೆ.
ಕೆನ್ನೆಗೆ ಗುಲಾಬಿ ಬಳಿಸಿಕೊಂಡು
ಹಳದಿ ಆಕಾಶದಡಿ ನಿಂತಿದ್ದಾನೆ
ಕ್ಲೀಟಸ್ ಹಾಫ್ನರ್, ಎರಡನೇ ಬೇಸು,
ಮೊಣಕಾಲು ಇನ್ನೂ ನೆಟ್ಟಗಿದ್ದ ವರ್ಷದವನು.
ಬೆನ್ನ ಮೇಲೆ ಕಂಪನಿಯ ಹೆಸರು.
ಆಗ ನಾನು ಸೇದುತ್ತಲೂ ಇರಲಿಲ್ಲ.

ಮುಂದೆ ನಿಂತವನಿಗೇ ಕೊಟ್ಟೆ, ಝಿಗ್ಮಂಟ್ ಅಂತೆ.
ನನ್ನ ಮುಖ ನೋಡಲಿಲ್ಲ, ರಟ್ಟು ನೋಡಿದ:
"ಇವನಾ? ಇವನು ಮೂರಾದ.
ಪಿಚರ್ ಯಾರೂ ಇಲ್ವಾ, ಮಾಮ?"

ಇಲ್ಲ ಮರಿ ಎಂದೆ.
ಕಡ್ಡಿ ಗೀರಿದೆ.