ಕಣ್ಣಿರುವ ಕೋವಿ

ಗೋಣಿಕೊಪ್ಪದ ಬಸ್ ಸ್ಟ್ಯಾಂಡ್ ಹಿಂದೆ ನನ್ನದು ಮೊಬೈಲ್ ರಿಪೇರಿ.
ಅದು ಹೊಟ್ಟೆಗೆ.
ತಲೆಗೆ ಹತ್ತಿದ್ದು ಬೇರೆ:
ಹಳದಿಗಟ್ಟಿದ ಹಳೇ ವಿಡಿಯೋ ಗೇಮು,
ಊದಿ ಊದಿ ಉಗುಳಿಗೆ ತುಕ್ಕು ಹಿಡಿದ ಕ್ಯಾಸೆಟ್ಟು,
ಮೇಲೆ ‘ಒಂದರಲ್ಲಿ ಅರವತ್ತನಾಲ್ಕು’ ಎಂದು ಬರೆದು
ಒಳಗೆ ಏಳೇ ಆಟ ಇಟ್ಟು
ಬಣ್ಣ ಬದಲಿಸಿ ಎಣಿಸಿದ ಆ ಜಾಣ ಮೋಸ.
ಕೊಳ್ಳುತ್ತೇನೆ, ಮಾರುತ್ತೇನೆ,
ಕೆಲವನ್ನು ಮಾರುವುದೇ ಇಲ್ಲ.
ಅಂಥವು ಉಮ್ಮನ ಅಕ್ಕಿ ಡ್ರಮ್ಮಿನ ಹಿಂದೆ.

ಪೊನ್ನಂಪೇಟೆಯಿಂದ ಫೋನು:
“ಉನೈಸಾ? ಬೊಳ್ಳಮ್ಮ ಟೀಚರ್. ಒಂದು ಕೋವಿ ಇದೆ, ಬಾ.”
ಈ ಸೀಮೆಯಲ್ಲಿ ಕೋವಿ ಇಲ್ಲದ ಮನೆ ಯಾವುದು,
ನನಗೇಕೆ ಹೇಳುತ್ತಾರೆ ಅಂದುಕೊಂಡೇ ಹೋದೆ.

ಹಾಕಿ ಸ್ಟಿಕ್ಕುಗಳ ಸಂದಿಯಿಂದ ಎಳೆದು ತೆಗೆದರು:
ಕಿತ್ತಳೆ ಪ್ಲಾಸ್ಟಿಕ್ಕು, ಬಾಲದಂತೆ ವಯರು,
ಕುದುರೆ ಒತ್ತಿದರೆ ಒಳಗೆ ಸ್ಪ್ರಿಂಗಿನ ಟಣ್.
ನಳಿಗೆಯ ಬಾಯಲ್ಲಿ ಒಣಗಿ ಕಪ್ಪಾದ ಎಳೆಯೊಂದು.
ತೋಕ್ ಪೂ.
“ಕೈಲ್‌ಪೊಳ್ದ್ ದಿನ ಇಟ್ಟಿದ್ದೆ, ಒಂಬತ್ತು ವರ್ಷ ನನಗೆ,
ದೊಡ್ಡ ಕೋವಿಗಳ ಸಾಲಿನ ತುದಿಯಲ್ಲಿ.
ಅಜ್ಜ ನಗಲಿಲ್ಲ. ಇದಕ್ಕೂ ಗಂಧ ಹಚ್ಚಿ
ನನ್ನ ಕೈಗೆ ಕೊಡುತ್ತ ದೊಡ್ಡವರಿಗೆ ಹೇಳುವುದನ್ನೇ ಹೇಳಿದ:
ನೀನಾಗಿ ಕೆಣಕಬೇಡ. ಕೆಣಕಿದರೆ ಬೆನ್ನು ಕೊಡಬೇಡ.”

ಎಂಟುನೂರು ಅಂದೆ.
ಎರಡು ಸಾವಿರ ಅಂದರು.
ಗಂಧದ ಕಲೆ ಇದೆಯಲ್ಲ ಅಂದೆ.
ಅದಕ್ಕೇ ಎರಡು ಸಾವಿರ ಅಂದರು.

ಗೋಡೆಯ ಚಪ್ಪಟೆ ಟಿವಿಯ ಮುಂದೆ ಈ ಕೋವಿ ಕುರುಡು.
ಸೌದೆ ಕೋಣೆಯಿಂದ ಹೊಟ್ಟೆ ಬಂದ ಟಿವಿಯೊಂದನ್ನು
ಇಬ್ಬರೂ ಸೇರಿ ಹೊತ್ತು ತಂದೆವು.
ವಯರು ಸಿಕ್ಕಿಸುತ್ತ ನಾನು, ಸುಮ್ಮನಿರಲಾರದೆ,
“ಇದರಿಂದ ಏನೂ ಹಾರುವುದಿಲ್ಲ ಟೀಚರ್, ಇದು ನೋಡುತ್ತದೆ.
ಒತ್ತಿದ ಕ್ಷಣ ಪರದೆ ಕಣ್ಣು ಮುಚ್ಚಿ ಕಪ್ಪಾಗುತ್ತೆ,
ಬಾತುಕೋಳಿ ಇದ್ದ ಜಾಗ ಮಾತ್ರ ಬೆಳ್ಳಗೆ.
ಆ ಬಿಳುಪು ಕಂಡರೆ ಬಾತು ಸತ್ತ ಲೆಕ್ಕ.
ಕಳ್ಳ ಹುಡುಗರು ಬಲ್ಬಿಗೆ ಗುರಿ ಹಿಡಿತಿದ್ದರು,
ಎಲ್ಲಾ ಬೀಳುತ್ತಿತ್ತು.”

“ಬಲ್ಬಿಗೆ?”
“ಬಲ್ಬಿಗೆ.”

ದೊಡ್ಡಪ್ಪನ ಮಗ ಬಿದ್ದಪ್ಪ.
ಇದೇ ಕೋಣೆ, ತೊಂಬತ್ತೊಂಬತ್ತು ಬಾತು, ಒಂದೂ ತಪ್ಪದೆ.
ಮೂವತ್ತು ವರ್ಷದಿಂದ ಮದುವೆ ಮನೆಗಳಲ್ಲಿ
ಗ್ಲಾಸು ಹಿಡಿದು ಹೇಳಿಕೊಂಡು ತಿರುಗಿದವ.
ಹೊಡೆಯುವಾಗ ತುಸು ಮೇಲಕ್ಕೆ ಹಿಡಿಯುತ್ತಿದ್ದನಂತೆ.
ಕೇಳಿದರೆ ‘ಗಾಳಿಯ ಲೆಕ್ಕ’.
ಕಿಟಕಿ ಮುಚ್ಚಿದ ಕೋಣೆಯಲ್ಲಿ!

ಅರ್ಧ ಗಂಟೆಯಲ್ಲಿ ವಿರಾಜಪೇಟೆಯ ಬೇಕರಿಯಿಂದ ಸ್ಕೂಟರು.
ಮೊಣಕೈವರೆಗೆ ಮೈದಾ, ಕೈಯಲ್ಲಿ ಪಫ್ಸಿನ ಪೊಟ್ಟಣ,
ಏನೋ ಸಿಹಿ ಸುದ್ದಿ ಎಂದುಕೊಂಡು ಬಂದಿದ್ದ ಪಾಪ.
ಟೀಚರ್ ತಾವೇ ಎದ್ದು ಬಲ್ಬು ಆರಿಸಿದರು.
ಕತ್ತಿನ ಸೀಟಿ ಊದಿದರು.

ಬಾತು ಹಾರಿತು, ಬಿದ್ದಪ್ಪ ಹೊಡೆದ, ಬೀಳಲಿಲ್ಲ.
ಹತ್ತು ಹಾರಿ ಹತ್ತೂ ಬೀಳಲಿಲ್ಲ.
ಬಿದ್ದವ ಬಿದ್ದಪ್ಪ ಒಬ್ಬನೇ.
ಆಮೇಲೆ ಟೀಚರ್ ಕೋವಿ ಎತ್ತಿಕೊಂಡು
ನಾಲ್ಕು ಹೊಡೆದರು.
ನಾಲ್ಕೇ. ಆದರೆ ಆ ನಾಲ್ಕೂ ಸತ್ತದ್ದು ನಿಜ.

“ಮಾರುವುದಿಲ್ಲ ಉನೈಸ್” ಅಂದರು,
ಕಣ್ಣು ಪರದೆಯಿಂದ ಕೀಳದೆ.
ಎರಡು ಪಫ್ಸ್ ತಿಂದು ಬೈಕ್ ಹತ್ತಿದೆ.
ಬಾಗಿಲಾಚೆಯೂ ಕೇಳುತ್ತಿತ್ತು ಟಣ್, ಟಣ್,
ನಡುವೆ ಸೋತವನ ಬೈಗುಳ.

ಬೆಳಿಗ್ಗೆ ಬೇಕರಿಯಿಂದ ಮೆಸೇಜು:
‘ಅವಳು ಎರಡು ಸಾವಿರ ಹೇಳಿದ್ದಾ?
ಮೂರು ಕೊಡ್ತೇನೆ, ನಾನು.
ಹೇಗಾದರೂ ಮಾಡಿ ಆ ಮನೆಯಿಂದ ಅದನ್ನ ಹೊರಗೆ ಹಾಕು.’

ಉತ್ತರ ಬರೆದಿಲ್ಲ ಇನ್ನೂ.
ಉಮ್ಮನ ಅಕ್ಕಿ ಡ್ರಮ್ಮು ಸ್ವಲ್ಪ ಸರಿಸಿ
ಗೇಣು ಹಾಕಿ ನೋಡಿದೆ, ಸುಮ್ಮನೆ.
ಜಾಗ ಇದೆ.